ಗೋದಾವರಿ ತಾಯಿಗೆ ಸಿಗರೇಟು

ನಮ್ಮ ಕಾಕು ರಾಜಮಂಡ್ರಿಯಲ್ಲಿ ಗೋದಾವರಿಯ ಉಡಿ ತುಂಬಿ, ಸೆರಗೊಡ್ಡಿ ನಿಂತು, "ನನ್ನ ಗಂಡನ್ನ ತಿರುಗಿ ಕೊಡು ತಾಯಿ" ಎಂದು ಬೇಡಿಕೊಂಡಳಂತೆ. ಆಗ ನದಿಯ ನೀರು ಮೆಟ್ಟಿಲು ಹತ್ತಿ ಬಂದು ಅವಳ ಪಾದ ತೊಳೆಯಿತಂತೆ. ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿರುವ ಕಥೆ ಇದು. ಹೇಳುವವಳು ಅತ್ತಿ, ಅಂದರೆ ಅಪ್ಪನ ತಂಗಿ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಈ ಕಥೆಗೆ ನನ್ನ ಆಕ್ಷೇಪಣೆಗಳು ಹಲವು. ಮೊದಲನೆಯದಾಗಿ, ಆ ದಿನ ಅತ್ತಿ ರಾಜಮಂಡ್ರಿಯಲ್ಲಿರಲೇ ಇಲ್ಲ. ಬೀದರಿನ ತನ್ನ ಮನೆಯ ಮಾಳಿಗೆಯ ಮೇಲೆ ಶಂಡಿಗೆ ಒಣಹಾಕುತ್ತಿದ್ದಳು. ಸ್ಥಳದಲ್ಲೇ ಇಲ್ಲದ ಸಾಕ್ಷಿಗೆ ನೀರು ಮೆಟ್ಟಿಲು ಹತ್ತಿದ್ದು ಹೇಗೆ ಕಂಡಿತು ಎಂದು ಕೇಳಿದರೆ ಅವಳ ಉತ್ತರ ಸಿದ್ಧ: "ನೀ ಸುಮ್ನಿರು. ನಿನಗ ದೇವ್ರು ದಿಂಡ್ರು ಅಂದ್ರ ಅಷ್ಟಕ್ಕಷ್ಟ."

ಚರ್ಚಾಸ್ಪರ್ಧೆಯಲ್ಲಿ ಹೀಗೆ ವಾದ ಬಿಟ್ಟು ವಾದಿಯ ಮೇಲೆ ಬಿದ್ದರೆ ಅಂಕ ಕಳೆಯುತ್ತಾರೆ. ಮನೆಯಲ್ಲಿ ಇದಕ್ಕೇ ಬಹುಮಾನ.

ನಾನು ಅಲ್ಲಿದ್ದೆ. ನೀರು ಮೆಟ್ಟಿಲು ಹತ್ತಿದ್ದೂ ಹೌದು. ಆದರೆ ಅದಕ್ಕೆ ಮೊದಲು ಘಾಟಿನ ಪಕ್ಕದಲ್ಲೇ ಒಂದು ಲಾಂಚಿ ಭರ್ರೆಂದು ಹಾದುಹೋಗಿತ್ತು. ಆ ಅಲೆ ಕಾಕುವಿನ ಪಾದವನ್ನಷ್ಟೇ ಅಲ್ಲ, ಪಕ್ಕದಲ್ಲಿ ಹಲ್ಲುಜ್ಜುತ್ತಿದ್ದವನ ಪಾದವನ್ನೂ, ನನ್ನ ಹೊಸ ಸ್ಯಾಂಡಲ್ಲುಗಳನ್ನೂ ತೊಳೆಯಿತು. ಇರಲಿ, ಅದು ಸಣ್ಣ ವಿಷಯ. ದೊಡ್ಡ ವಿಷಯವೆಂದರೆ ಅದೇ ದಿನ ಮಧ್ಯಾಹ್ನ ಅದೇ ನದಿಯ ಇನ್ನೊಂದು ಕಡೆಯ ಮೆಟ್ಟಿಲುಗಳ ಮೇಲೆ ಕಾಕು ಇನ್ನೇನೋ ಮಾಡಿದಳು. ಅದು ಅತ್ತಿಯ ಕಥೆಯಲ್ಲಿಲ್ಲ. ಕಂಡವಳು ನಾನೊಬ್ಬಳೇ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಮಿಠಾಯಿ ಡಬ್ಬಿ. ನಮ್ಮ ಆಫೀಸಿನಲ್ಲಿ ಒಂದು ಪದ್ಧತಿಯಿದೆ. ಯಾರೇ ಊರಿಗೆ ಹೋಗಿ ಬಂದರೂ ಕಾಫಿ ಮಷಿನ್ನಿನ ಪಕ್ಕದ ಮೇಜಿನ ಮೇಲೆ ಏನಾದರೂ ಇಟ್ಟು ಎಲ್ಲರಿಗೂ ಮೇಲ್ ಹಾಕಬೇಕು. ಧಾರವಾಡದವರಾದರೆ ಪೇಡೆ, ಮಂಗಳೂರಿನವರಾದರೆ ಹಲ್ವ. ಇದೇ ಹೈದರಾಬಾದಿನ ಸನತ್‌ನಗರದಿಂದ ದಿನಾ ಬಸ್ಸಿನಲ್ಲಿ ಬರುವ ನನ್ನಂಥವಳು ಏನು ಇಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕಾರ್ಖಾನೆಯ ಹೊಗೆಯನ್ನು ಡಬ್ಬಿಯಲ್ಲಿ ತುಂಬಿ ತರಲಾದೀತೇ? ಹೋದ ವಾರ ಗೋದಾವರಿ ಜಿಲ್ಲೆಯ ಹುಡುಗಿಯೊಬ್ಬಳು ಪೂತರೇಕುಲು ಇಟ್ಟಳು. ಅಕ್ಕಿಯ ತೆಳು ಹಿಟ್ಟನ್ನು ಬೋರಲು ಹಾಕಿದ ಕಾದ ಗಡಿಗೆಯ ಮೇಲೆ ಎಳೆದು, ಪೊರೆಯಂತೆ ಬಿಡಿಸಿ, ಬೆಲ್ಲ ತುಪ್ಪ ಹಾಕಿ ಮಡಿಚಿದ ತಿಂಡಿ. ಮೊದಲ ಸಲ ನೋಡಿದವರಿಗೆ ಕಾಗದದಲ್ಲಿ ಸುತ್ತಿದ ಮಿಠಾಯಿಯ ಹಾಗೆ ಕಾಣುತ್ತದೆ. ಹೊಸದಾಗಿ ಸೇರಿದ ದಾವಣಗೆರೆಯ ಹುಡುಗ ಒಂದೊಂದೇ ಪದರ ಬಿಡಿಸುತ್ತ ಹೋಗಿ, ಕೊನೆಗೆ ಕೈಯೆಲ್ಲ ಪುಡಿಯಾಗಿ, "ಸ್ವೀಟ್ ಎಲ್ಲಿದೆ ಇದ್ರಲ್ಲಿ?" ಎಂದ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಕಾಕುವೂ ರಾಜಮಂಡ್ರಿಯ ಅಂಗಡಿಯೊಂದರ ಮುಂದೆ ನಿಂತು ಹೀಗೆಯೇ ಬಿಡಿಸಿದ್ದಳು. ಬಿಡಿಸಿ, ಬೆರಳು ನೆಕ್ಕಿ, ನನ್ನ ಕಡೆ ನೋಡಿ ಹೇಳಿದ್ದಳು: "ಏನವಾ ಇದು, ಬರೇ ಹೊದ್ಕೊಳ್ಳೂ ಕೌದಿ ಐತಿ. ಒಳಗ ಮನಿಷಾನ ಇಲ್ಲ!"

ಒಳಗೆ ಮನುಷ್ಯನಿಲ್ಲದ ಕೌದಿಯ ವಿಷಯ ಕಾಕುವಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಪ್ಪ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ. ಮನೆಯೊಳಗೆ ಬೀದರಿನ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಆ ಕಾಲದಲ್ಲಿ ಬೇಗಂಪೇಟೆಯ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ನಮ್ಮ ಮಾಳಿಗೆಯ ಮೇಲೆಯೇ, ಒಣಹಾಕಿದ ಸೀರೆ ಹಾರುವಷ್ಟು ಕೆಳಗೆ, ಹಾದು ಹೋಗುತ್ತಿದ್ದವು. ಸೀರೆ ಹಾರುತ್ತಿದ್ದುದು ಗಾಳಿಗೆ ಎಂದು ಅಪ್ಪನ ವಾದ. ಹಾಗಾದರೆ ಈ ವಾಕ್ಯವನ್ನು ತಿದ್ದಿಕೊಳ್ಳಿ. ಆದರೆ ವಿಮಾನ ಬಂದಾಗ ಮಾತು ನಿಲ್ಲುತ್ತಿದ್ದುದಂತೂ ಖರೆ. ಜಗಳಗಳು ಅರ್ಧದಲ್ಲಿ ನಿಂತು, ಬಾಯಿ ತೆರೆದವರು ತೆರೆದ ಹಾಗೆಯೇ ಕಾದು, ಸದ್ದು ಅಡಗಿದ ಮೇಲೆ ಅದೇ ಶಬ್ದದಿಂದ ಮುಂದುವರಿಯುತ್ತಿದ್ದವು. ಆ ಸಂದಿನಲ್ಲಿ ಮೊದಲು ಬಾಯಿ ಹಾಕಿದವರಿಗೆ ಗೆಲುವು. ನಾನು ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಂದ ಹಿತ್ತಾಳೆ ಬಟ್ಟಲುಗಳ ಹಿಂದಿನ ತರಬೇತಿ ಇಷ್ಟೇ. ಕಾಕು ಅವುಗಳಲ್ಲಿ ಒಂದನ್ನು ಹುಣಸೆಹಣ್ಣು ನೆನೆಹಾಕಲು ಇಟ್ಟುಕೊಂಡಿದ್ದಾಳೆ. ನನ್ನನ್ನು ವಕೀಲಬಾಯಿ ಎಂದು ಕರೆಯುತ್ತಾಳೆ.

ಕಾಕಾ ಹೋದಾಗ ನಾನು ಮೂರನೆಯ ತರಗತಿ. ಅವನು ನಾಚಾರಂನ ಕಾರ್ಖಾನೆಯಲ್ಲಿದ್ದ. ಅದು ಬಾಗಿಲು ಹಾಕಿತು. ಯಾರೋ ಏಜೆಂಟನು ದುಬೈಗೆ ಕಳಿಸುತ್ತೇನೆಂದ. ಕಾಕಾ ಬೊಂಬಾಯಿಗೆ ಹೋದ. ಅಲ್ಲಿಂದ ಒಂದು ಸಲ ಓಣಿಯ ಎಸ್‌ಟಿಡಿ ಬೂತಿಗೆ ಫೋನು ಬಂತು. ಕಾಕು ಹಿಟ್ಟಿನ ಕೈಯಲ್ಲೇ ಓಡಿದಳು. "ನಾಳಿ ವಿಮಾನ ಐತಿ" ಎಂದನಂತೆ. ಅಷ್ಟೇ. ಆ ನಾಳೆಯ ನಂತರ ಏನೂ ಇಲ್ಲ. ಅಪ್ಪ ಬೊಂಬಾಯಿಗೆ ಹೋಗಿ ಹುಡುಕಿ ಬಂದ. ಏಜೆಂಟನ ಕೋಣೆಗೆ ಬೀಗ. ದುಬೈಯಲ್ಲಿದ್ದ ಮೌಲಾಲಿ ಬಡಾವಣೆಯ ಹುಡುಗರ ಹತ್ತಿರ ವಿಚಾರಿಸಿದ. ಅಂಥವನು ಬಂದೇ ಇಲ್ಲ ಎಂದರು. ಸತ್ತ ಎಂದು ಹೇಳುವವರೂ ಇಲ್ಲ, ಇದ್ದಾನೆ ಎಂದು ಹೇಳುವವರೂ ಇಲ್ಲ.

ಇದ್ದಾನೆ ಎಂದು ಹೇಳುವವಳು ಒಬ್ಬಳಿದ್ದಳು. ನಮ್ಮ ಆಯಿ, ಅಪ್ಪನ ಮತ್ತು ಕಾಕಾನ ತಾಯಿ. ಅವಳಿಗೆ ದುಬೈ ಎಲ್ಲಿದೆಯೋ ಗೊತ್ತಿರಲಿಲ್ಲ, ಆದರೆ ವಿಮಾನ ಎಲ್ಲಿ ಇಳಿಯುತ್ತದೆಂದು ಗೊತ್ತಿತ್ತು. ಸದ್ದು ಬಂದ ಕೂಡಲೇ ಅಂಗಳಕ್ಕೆ ಬಂದು ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. "ಆಯಿ, ಇದು ಮದ್ರಾಸಿನ ವಿಮಾನ" ಎಂದು ನಾನು ಮೂರನೆಯ ತರಗತಿಯ ಪಾಂಡಿತ್ಯ ತೋರಿಸಿದರೆ, "ಇರಲಿ ಬಿಡು, ಅಲ್ಲೇ ಇಳದು ಇದನ್ನ ಹತ್ಯಾನ" ಎನ್ನುತ್ತಿದ್ದಳು. ಇಂಥ ವಾದವನ್ನು ಸೋಲಿಸುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆಯಿಗೆ ಮಗನಿದ್ದಾನೆ ಎಂದಮೇಲೆ ಕಾಕುವಿಗೆ ಗಂಡನಿದ್ದಾನೆ ಎಂದಾಯಿತು. ಪ್ರತಿ ಶುಕ್ರವಾರ ಆಯಿ ಅವಳನ್ನು ದೇವರ ಮುಂದೆ ಕೂರಿಸಿ ತಾನೇ ಕುಂಕುಮ ಹಚ್ಚುತ್ತಿದ್ದಳು. ಓಣಿಯ ಹೆಂಗಸರಿಗೆ ಮಾತ್ರ ಈ ಲೆಕ್ಕ ಬಗೆಹರಿದಿರಲಿಲ್ಲ. ಅರಿಶಿನ ಕುಂಕುಮದ ತಟ್ಟೆ ಕಾಕುವಿನ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತಿತ್ತು. ಕೊಡುವುದೋ ಬಿಡುವುದೋ? ಕಾಕು ಆ ಕ್ಷಣದಲ್ಲಿ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸುತ್ತಿದ್ದಳು, ಕೊಡದಿದ್ದರೂ ತಾನು ನೋಡಲಿಲ್ಲ ಎಂದು ಅವರಿಗೆ ಅನುಕೂಲವಾಗಲೆಂದು.

ನಮ್ಮ ಮನೆಯಲ್ಲೇ ನಡೆದ ಅತ್ತಿಯ ಮಗಳ ಮದುವೆಯಲ್ಲಿ ಕೊಡದೆ ಬಿಡುವುದೂ ಆಗಿಹೋಯಿತು. ಅರಿಶಿನ ಕುಟ್ಟಲು ಐದು ಮಂದಿ ಮುತ್ತೈದೆಯರು ಬೇಕು. ಅತ್ತಿ ಎಣಿಸಿದಳು. ನಾಲ್ಕು ಎಂದಳು. ಕಾಕು ಒನಕೆಯ ಪಕ್ಕದಲ್ಲೇ ನಿಂತಿದ್ದಳು. "ಬಾಜೂ ಮನಿ ಲಕ್ಷ್ಮಮ್ಮಗಾರನ್ನ ಕರಕೊಂಡ ಬಾ, ಜಲ್ದಿ" ಎಂದು ಅತ್ತಿ ನನಗೆ ಹೇಳುವಷ್ಟರಲ್ಲಿ ಆಯಿ ಮೂಲೆಯಿಂದ ಎದ್ದು ಬಂದಳು.

"ನಿನಗ ಎಣಿಸಾಕ ಬರೂದಿಲ್ಲೇನ? ಇಕಿ ಏನ ಕಂಬ ಏನು?"

"ಹಂಗಲ್ಲ ಬೇ ಅವ್ವಾ, ಶಾಸ್ತ್ರ..."

"ನನ್ನ ಮಗ ಸತ್ತಾನಂತ ಯಾರ ಹೇಳ್ಯಾರ ನಿನಗ? ಹೆಸರ ಹೇಳು, ಅವರ ನಾಲಿಗಿ ಕೀಳ್ತೀನಿ."

ಆಯಿ ಕಾಕುವಿನ ಮಣಿಕಟ್ಟು ಹಿಡಿದು ಒನಕೆಯ ಮೇಲೆ ಇಟ್ಟಳು. ಹಿಡಿದ ಕೈ ಬಿಡಲಿಲ್ಲ. ಇಬ್ಬರೂ ಒಂದೇ ಒನಕೆಯನ್ನು ಎತ್ತಿ ಎತ್ತಿ ಕುಟ್ಟಿದರು. ಹೆಂಗಸರು ಹಾಡಿದರು. ಕಾಕುವಿನ ಮುಖವನ್ನು ನಾನು ನೋಡುತ್ತಿದ್ದೆ. ಅವಳಿಗೆ ಆ ಒನಕೆ ಬೇಕಿತ್ತೋ ಬೇಡವಾಗಿತ್ತೋ ಎಂದು ಯಾರೂ ಕೇಳಲಿಲ್ಲ.

ಇಷ್ಟಾದ ಕೆಲವು ವರ್ಷಗಳಿಗೆ ಹೈದರಾಬಾದಿನಲ್ಲಿ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ನೆಟ್ಟರು. ಅವುಗಳಲ್ಲೊಂದರೊಳಗೆ ನನಗೂ ಒಂದು ಕುರ್ಚಿ ಸಿಕ್ಕಿತು. ಕಂಪನಿಗಳು ಉದ್ಯೋಗಿಗಳನ್ನು ಹೇಗೆ ಖುಷಿಪಡಿಸುವುದೆಂದು ತಿಳಿಯದೆ ಒದ್ದಾಡುತ್ತಿದ್ದ ಕಾಲವದು. ನಮ್ಮದು ಮನೆಯವರೊಬ್ಬರನ್ನು ಕರೆದುಕೊಂಡು ಗೋದಾವರಿ ವಿಹಾರಕ್ಕೆ ಬನ್ನಿ ಎಂದಿತು. ಭದ್ರಾಚಲದ ಕಡೆ ಲಾಂಚಿ ಹತ್ತಿ, ಪಾಪಿಕೊಂಡಲ ಬೆಟ್ಟಗಳ ನಡುವೆ ತೇಲಿ, ಮರುದಿನ ಹಗಲೆಲ್ಲ ರಾಜಮಂಡ್ರಿಯಲ್ಲಿ ಊರು ನೋಡಿ, ಸಂಜೆ ಮತ್ತೆ ಲಾಂಚಿ ಹತ್ತಿ ನಡುಗಡ್ಡೆಯ ಗುಡಿಗೆ ಹೋಗುವುದು. ಆಯಿಗೆ ಗೋದಾವರಿ ಸ್ನಾನದ ಆಸೆ. ಆದರೆ ಅವಳ ಮೊಣಕಾಲುಗಳು ನಮ್ಮ ಮನೆಯ ಮೂರು ಮೆಟ್ಟಿಲಿಗೇ ಕೂಗುತ್ತಿದ್ದವು. "ಇಕಿನ್ನ ಕರಕೊಂಡ ಹೋಗು" ಎಂದು ಕಾಕುವನ್ನು ತೋರಿಸಿದಳು. ಜೊತೆಗೆ ಒಂದು ಗಂಟು ಕೊಟ್ಟಳು: ರವಿಕೆಯ ಹಸಿರು ಖಣ, ಬಳೆ, ತೆಂಗಿನಕಾಯಿ, ಅಕ್ಕಿ, ಅರಿಶಿನ ಕುಂಕುಮ. "ಗಂಗವ್ವನ ಉಡಿ ತುಂಬಿ ಬಾ. ನನ್ನ ಮಗನ ಹೆಸರ ಹೇಳಿ ತುಂಬು."

ಲಾಂಚಿಯ ಮೊದಲ ದಿನದ ಬಗ್ಗೆ ಹೇಳುವುದೇ ಬೇಡ. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಡಿಸಿದರು. ಹೊಟ್ಟೆ ಬಂದ ಮ್ಯಾನೇಜರುಗಳೆಲ್ಲ ಹಬ್ಬದ ಕುಂಬಳಕಾಯಿಗಳಂತೆ ಸಾಲಾಗಿ ಕುಳಿತರು. ಆ ಬೆಟ್ಟಗಳ ನಡುವೆ, ನೀರು ಉಸಿರು ಹಿಡಿದು ನಿಂತಂಥ ಜಾಗದಲ್ಲಿ, ಸ್ಪೀಕರು ಹಾಕಿ ಕುಣಿದರು. ನನ್ನ ಪಕ್ಕದ ಕುರ್ಚಿಯ ಸಹೋದ್ಯೋಗಿ ಶ್ರೀಕಾಂತ, ಮೈಸೂರಿನವನು, ಕಾಕುವನ್ನು ಬಹಳ ವಿನಯದಿಂದ ಮಾತಾಡಿಸಿದ.

"ಆಂಟಿ, ನೀವು ಡ್ಯಾನ್ಸ್ ಮಾಡಲ್ವಾ?"

"ನಾ ಕುಣದ್ರ ನಿಮ್ಮ ಲಾಂಚಿ ಮುಳಗ್ತೈತ್ರಿ, ತಮ್ಮಾ."

"ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ ಆಂಟಿ! ಸ್ವಲ್ಪ ಬೇರೆ ಥರ."

"ನಿಮ್ದೂ ಚಲೋ ಐತ್ರಿ. ಜರಾ ಉಪ್ಪು ಕಮ್ಮಿ."

ಮರುದಿನ ಬೆಳಿಗ್ಗೆ ರಾಜಮಂಡ್ರಿಯ ದೊಡ್ಡ ಘಾಟಿನಲ್ಲಿ ಕಾಕು ಎಲ್ಲರೆದುರು ಉಡಿ ತುಂಬಿದಳು. ಖಣವನ್ನು ನೀರಿಗೆ ಬಿಟ್ಟಳು. ಅದು ಹಸಿರು ಎಲೆಯಂತೆ ಬಿಚ್ಚಿಕೊಂಡು ಹೋಯಿತು. ಶ್ರೀಕಾಂತ ಫೋಟೋ ತೆಗೆದ. ಅಲೆ ಬಂತು, ಸ್ಯಾಂಡಲ್ಲು ನೆನೆಯಿತು. ಅತ್ತಿಯ ಕಥೆ ಇಲ್ಲಿಗೆ ಮುಗಿಯುತ್ತದೆ.

ನಮ್ಮ ದಿನ ಮುಗಿದಿರಲಿಲ್ಲ. ಹಳೆಯ ಊರು ಅದು. ಪೇಟೆಯ ಸಂದಿಗಳು ತಿರುಗಿ ತಿರುಗಿ ಕೊನೆಗೆ ನದಿಗೇ ಹೋಗಿ ಬೀಳುತ್ತವೆ. ಯಾವ ದಿಕ್ಕಿನಲ್ಲಿ ನಡೆದರೂ ಹೂವಿನ ವಾಸನೆ, ಆಮೇಲೆ ಮೀನಿನ ವಾಸನೆ, ಆಮೇಲೆ ನೀರಿನ ಬೆಳಕು. ಗುಲಾಬಿ ಬಣ್ಣದ ತಣ್ಣನೆ ಹಾಲು ಕುಡಿದೆವು. ಪೂತರೇಕುಲು ಬಿಡಿಸಿ ಕೆಟ್ಟೆವು. ಕಾಕು ಒಂದು ಪಾನ್ ಅಂಗಡಿಯ ಮುಂದೆ ನಿಂತು ತೆಲುಗಿನಲ್ಲಿ ಏನೋ ಕೇಳಿ, ಕೊಂಡದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಎಲೆ ಅಡಿಕೆ ಇರಬೇಕೆಂದುಕೊಂಡೆ. ನನ್ನ ಗಮನ ಬೇರೆ ಕಡೆ ಇತ್ತು. ಕಂಪನಿ ಗೊತ್ತುಮಾಡಿದ್ದ ಗೈಡು ಈ ಊರು ಕಟ್ಟಿಸಿದ ಚಾಲುಕ್ಯ ದೊರೆಗಳ ಬಗ್ಗೆ ಹೇಳುತ್ತಿದ್ದ. ಆ ಮನೆತನದ ಬೇರು ನಮ್ಮ ಬಾದಾಮಿಯಲ್ಲಿದೆ ಎಂದು ನಾನು ಬಾಯಿ ಹಾಕಿದೆ. ಬೇರು ಎಲ್ಲೇ ಇರಲಿ, ಹೂವು ಬಿಟ್ಟಿದ್ದು ಇಲ್ಲಿ ಎಂದ ಅವನು. ಬಾದಾಮಿಯನ್ನು ನಾನು ಕಣ್ಣಿನಿಂದ ಕಂಡವಳಲ್ಲ. ಆದರೂ ಊಟದ ಹೊತ್ತು ಮೀರುವವರೆಗೆ ಅದರ ಪರ ವಾದಿಸಿದೆ. ಗೈಡು ಕೊನೆಗೆ ಕೈಮುಗಿದ. ಗೆದ್ದ ಸಂತೋಷದಲ್ಲಿ ತಿರುಗಿ ನೋಡಿದರೆ ಕಾಕು ಇಲ್ಲ.

ಹುಡುಕಿದೆ. ಘಾಟಿನಿಂದ ಸ್ವಲ್ಪ ಆಚೆ, ದೋಣಿಗಳನ್ನು ಬೋರಲು ಹಾಕಿದ್ದ ಜಾಗದಲ್ಲಿ, ಅರ್ಧ ಕುಸಿದ ಕೆಲವು ಮೆಟ್ಟಿಲುಗಳಿದ್ದವು. ಕಾಕು ಅಲ್ಲಿ ಕುಳಿತಿದ್ದಳು. ಅವಳ ಮುಂದೆ ಒಂದು ಬಾಳೆಎಲೆಯ ತುಂಡು. ಎಲೆಯ ಮೇಲೆ ಮನೆಯಿಂದ ಕಟ್ಟಿತಂದಿದ್ದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪೇಟೆಯ ಮಿರ್ಚಿ ಭಜಿ. ಅದರ ಪಕ್ಕದಲ್ಲಿ ಒಂದು ಸಿಗರೇಟು ಪಾಕೀಟು, ಒಂದು ಬೆಂಕಿಪೊಟ್ಟಣ. ಕಾಕು ಪಾಕೀಟಿನಿಂದ ಒಂದು ಸಿಗರೇಟು ತೆಗೆದಳು, ಹಚ್ಚಲು ನೋಡಿದಳು, ಗಾಳಿಗೆ ಕಡ್ಡಿ ಆರಿತು. ಮತ್ತೆ ಗೀರಿದಳು. ಹೊತ್ತಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಬಾಯಿಯಲ್ಲಿಟ್ಟು ಎಳೆಯದೆ ಅದು ಹೊತ್ತುವುದಿಲ್ಲ. ಕೊನೆಗೆ ಹೊತ್ತದ ಸಿಗರೇಟನ್ನೇ ಎಲೆಯ ಅಂಚಿಗೆ ಇಟ್ಟಳು.

ಕಾಕಾ ಆಯಿಗೆ ಗೊತ್ತಾಗದಂತೆ ಸಿಗರೇಟು ಸೇದುತ್ತಿದ್ದ. ಪಾಕೀಟನ್ನು ಕಾಕು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಕೆಲವು ದಿನ ರೊಟ್ಟಿಗೆ ತಂಬಾಕಿನ ಘಮ ಬಂದು, "ಈ ಸಲದ ಜ್ವಾಳಾನ ಸುದ್ದ ಇಲ್ಲ" ಎಂದು ಆಯಿ ಬೇಜಾರುಮಾಡಿಕೊಳ್ಳುತ್ತಿದ್ದಳು. ಕಾಕಾ ತಲೆ ತಗ್ಗಿಸಿ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ.

ಈಗ ನನ್ನ ವಾದವನ್ನು ಕ್ರಮವಾಗಿ ಮಂಡಿಸುತ್ತೇನೆ. ನಮ್ಮ ಕಡೆ ಎಡೆ ಇಡುವ ಪದ್ಧತಿ ನಿಮಗೂ ಗೊತ್ತಿದ್ದೀತು. ಪಕ್ಷದ ಅಮಾವಾಸ್ಯೆಯಂದು ಮನೆಯಲ್ಲಿ ತೀರಿಹೋದವರಿಗೆಲ್ಲ ತಲೆಗೊಂದು ಎಲೆ ಹಾಕಿ, ಅವರವರ ಇಷ್ಟದ್ದನ್ನು ಬಡಿಸುತ್ತೇವೆ. ನಮ್ಮ ಅಜ್ಜನ ಎಲೆಗೆ ನಶ್ಯದ ಡಬ್ಬಿ, ಅಪ್ಪನ ಸೋದರಮಾವನ ಎಲೆಗೆ ಒಂದು ಲೋಟ ಸೇಂದಿ. ಆಮೇಲೆ ಎಡೆಯನ್ನು ಮಾಳಿಗೆಗೆ ಒಯ್ದು ಕಾಗೆಗೆ ಇಡುವುದು. ಕಾಗೆ ಮುಟ್ಟಿದರೆ ಹೋದವರು ಉಂಡರು ಎಂದರ್ಥ. ಬದುಕಿದವರಿಗೆ ಯಾರೂ ಎಡೆ ಇಡುವುದಿಲ್ಲ. ಇಡುವುದು ಶಾಪಕ್ಕೆ ಸಮಾನ. ಹಾಗಿದ್ದ ಮೇಲೆ ಕಾಕು ಆ ಮೆಟ್ಟಿಲ ಮೇಲೆ ಮಾಡಿದ್ದೇನು? "ಅದೂ ಗಂಗವ್ವಗ ನೈವೇದ್ಯ ಇದ್ದೀತು" ಎಂದು ಅತ್ತಿ ಹೇಳಬಹುದು. ನನ್ನ ಪ್ರಶ್ನೆ ಒಂದೇ: ಗೋದಾವರಿ ತಾಯಿ ಸಿಗರೇಟು ಸೇದುತ್ತಾಳೆಯೇ?

ಬೆಳಿಗ್ಗೆ ಗಂಡ ಬರಲೆಂದು ಉಡಿ ತುಂಬಿದ ಕೈ ಮಧ್ಯಾಹ್ನ ಅವನಿಗೆ ಎಡೆ ಇಟ್ಟಿತು. ಬೆಳಗಿನದು ಆಯಿಯದು, ಮಧ್ಯಾಹ್ನದ್ದು ಅವಳದು. ನಾನು ಅಂದು ಕಂಡುಕೊಂಡ ಅರ್ಥ ಇದು.

ಸಂಜೆಯ ಲಾಂಚಿ ಹಾರ್ನು ಹೊಡೆಯಿತು. ಕಾಕು ಎದ್ದು, ಹಿಂದಿರುಗಿ, ನನ್ನನ್ನು ಕಂಡಳು. ಬೆಚ್ಚಲಿಲ್ಲ.

"ಆತೇನ ನಿನ್ನ ವಾದ?"

"ಆತು."

"ಗೆದ್ದ್ಯಾ?"

"ಹೂಂ."

"ಚಲೋ ಆತು. ನಡಿ, ಲಾಂಚಿ ಬಿಟ್ಟ ಹೋದ್ರ ಈಜಿ ಹೋಗಬೇಕಾಗ್ತದ" ಎಂದು ನಡೆದಳು. ಲಾಂಚಿ ಹತ್ತಿ, ಕಿತ್ತಳೆ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು, ಎಲ್ಲರ ನಡುವೆ ಕುಳಿತಳು. ಕುಂಕುಮ ಇದ್ದಲ್ಲೇ ಇತ್ತು.

ಮನೆಗೆ ಬಂದ ಮೇಲೆ ಆಯಿ ಅವಳನ್ನು ಮುಂದೆ ಕೂರಿಸಿಕೊಂಡು ಕೇಳಿದಳು. ಖಣ ತೇಲಿತೇನು, ಮುಳುಗಿತೇನು? ತೇಲಿತು ಎಂದಳು ಕಾಕು. ನೀರು ಕಾಲಿಗೆ ಬಂತೇನು? ಬಂತು. ಹೆಸರು ಹೇಳಿದೆಯೇನು? ಹೇಳಿದೆ. ಆಯಿ ಕಣ್ಣೊರೆಸಿಕೊಂಡು ಇನ್ನೊಮ್ಮೆ ಮೊದಲಿನಿಂದ ಹೇಳು ಎಂದಳು. ಕಾಕು ಮೊದಲಿನಿಂದ ಹೇಳಿದಳು. ಅಂದಿನಿಂದ ಆಯಿಗೆ ವಾರಕ್ಕೊಮ್ಮೆಯಾದರೂ ಅದನ್ನು ಕೇಳಬೇಕು. ಒಂದೊಂದು ಸಲಕ್ಕೆ ನೀರು ಒಂದೊಂದು ಮೆಟ್ಟಿಲು ಹೆಚ್ಚು ಏರುತ್ತಿತ್ತು. ಆ ಮೆಟ್ಟಿಲ ಲೆಕ್ಕವೊಂದನ್ನು ಬಿಟ್ಟರೆ ಸುಳ್ಳಿನಲ್ಲಿ ಒಂದು ಶಬ್ದವೂ ಸುಳ್ಳಿಲ್ಲದಿದ್ದಾಗ ಏನೆಂದು ಆಕ್ಷೇಪಿಸುವುದು?

ನನ್ನ ತರ್ಕ ಆಗ ಗಟ್ಟಿಯಾಗಿತ್ತು. ಕಾಕು ಮನಸ್ಸಿನಲ್ಲಿ ಗಂಡನನ್ನು ಕಳಿಸಿಕೊಟ್ಟಾಗಿದೆ. ಕುಂಕುಮ, ಬಳೆ, ಶುಕ್ರವಾರದ ಪೂಜೆ ಎಲ್ಲ ಆಯಿಗಾಗಿ. ಒಬ್ಬ ಮುದುಕಿಯ ಮಗನನ್ನು ಬದುಕಿಸಿಡಲು ಇನ್ನೊಬ್ಬ ಹೆಂಗಸು ಹಣೆಯ ಮೇಲೆ ಹೊರುತ್ತಿರುವ ಭಾರ. ಇದನ್ನು ನಾನು ಎಷ್ಟು ಚೆಂದವಾಗಿ ಜೋಡಿಸಿಕೊಂಡಿದ್ದೆನೆಂದರೆ, ಎದುರು ಪಕ್ಷವಿದ್ದಿದ್ದರೆ ಅಂದೇ ಶರಣಾಗುತ್ತಿತ್ತು.

ವಿಮಾನ ನಿಲ್ದಾಣ ಶಂಷಾಬಾದಿಗೆ ಹೋಯಿತು. ನಮ್ಮ ಮಾಳಿಗೆಯ ಮೇಲೆ ಆಕಾಶ ಖಾಲಿಯಾಯಿತು. ಆಯಿ ಕೆಲವು ದಿನ ಅಂಗಳಕ್ಕೆ ಬಂದು ನಿಂತು, "ಯಾಕ, ಇವತ್ತ ಒಂದೂ ಇಲ್ಲಲ್ಲ?" ಎಂದು ಕೇಳಿದಳು. ಹೇಳಿದೆವು. ಆಮೇಲೆ ಅವಳು ಅಂಗಳಕ್ಕೆ ಬರುವುದನ್ನು ಬಿಟ್ಟಳು. ಮುಂದಿನ ಚಳಿಗಾಲಕ್ಕೆ ಹೋಗಿಬಿಟ್ಟಳು. ಕಾಕುವಿನ ತೊಡೆಯ ಮೇಲೆ ತಲೆಯಿಟ್ಟು, ನೀರು ಬಂತೇನು ಎಂದು ಕೇಳಿ, ಬಂತು ಎಂದು ಕೇಳಿಸಿಕೊಂಡೇ ಹೋದಳು.

ಮಣ್ಣು ಮುಗಿಸಿ ಬಂದ ಮರುದಿನ ಬೆಳಿಗ್ಗೆ ನಾನು ಕಾಕುವಿನ ಹಣೆ ನೋಡಿದೆ. ಈಗ ಅಳಿಸುತ್ತಾಳೆ, ಇನ್ನು ಯಾರಿಗಾಗಿ ಇಡಬೇಕು ಎಂದುಕೊಂಡಿದ್ದೆ. ಕುಂಕುಮ ಇತ್ತು. ಹದಿಮೂರನೆಯ ದಿನವೂ ಇತ್ತು. ಶುಕ್ರವಾರ ಬಂದಾಗ ಹಚ್ಚುವ ಕೈ ಇಲ್ಲದೆ ಕಾಕು ತಾನೇ ಕನ್ನಡಿ ಹಿಡಿದು ಕುಳಿತಳು, ದೇವರ ಮುಂದಿನ ಜಾಗದಲ್ಲೇ. ಒಂದು ವರ್ಷವಾಯ್ತು, ವರ್ಷಾಂತಿಕವೂ ಆಯ್ತು. ಒಂದು ದಿನವೂ ತಪ್ಪಿಲ್ಲ.

ನನ್ನ ತರ್ಕದ ಗೋಡೆ ಹೀಗೆ ಕುಸಿದಾಗ, ನಾನು ಆವರೆಗೆ ಯಾರಿಗೂ ಹೇಳದಿದ್ದ, ನನಗೆ ನಾನೂ ಸರಿಯಾಗಿ ಹೇಳಿಕೊಳ್ಳದಿದ್ದ ಒಂದು ಸಂಗತಿ ಎದುರಿಗೆ ಬಂದು ನಿಂತಿತು. ಎದುರು ಪಕ್ಷಕ್ಕೆ ಅನುಕೂಲವಾಗುವ ಸಾಕ್ಷ್ಯವನ್ನು ನಾವಾಗಿಯೇ ಎತ್ತಬಾರದು ಎಂಬುದು ನಮಗೆ ಕಲಿಸಿದ ಪಾಠ. ಆ ಮಧ್ಯಾಹ್ನ, ಕಾಕು ಸಿಗರೇಟನ್ನು ಎಲೆಯಂಚಿಗೆ ಇಟ್ಟ ಮೇಲೆ, ಒಂದು ಕಾಗೆ ಬಂದಿತ್ತು. ಬೋರಲು ದೋಣಿಯ ಮೇಲೆ ಕುಳಿತು, ಕತ್ತು ಓರೆಮಾಡಿ ನೋಡಿ, ಮೆಟ್ಟಿಲಿಗೆ ಇಳಿಯಿತು. ಎಡೆಯಿಟ್ಟವರು ಕಾಯುವುದು ಇದಕ್ಕೇ. ಕಾಗೆ ಬಾರದಿದ್ದರೆ ಕೈಮುಗಿದು ಕರೆಯುತ್ತಾರೆ, ಬಂದರೆ ಹಿಂದೆ ಸರಿಯುತ್ತಾರೆ. ಕಾಗೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಕುಪ್ಪಳಿಸಿ ರೊಟ್ಟಿಗೆ ಕೊಕ್ಕು ಚಾಚಿತು.

ಕಾಕು ಎರಡೂ ಕೈ ಬೀಸಿ ಅದನ್ನು ಓಡಿಸಿದಳು. "ಹುಶ್! ಹೋಗ್! ಹೋಗ್ ಅಂದ್ರ!" ಅದು ಹಾರಿ ಮತ್ತೆ ಬಂತು. ಕಲ್ಲು ತೆಗೆದುಕೊಂಡು ಎಸೆದಳು. ಆಮೇಲೆ ಎಲೆಯನ್ನು ಎರಡೂ ಕೈಗಳಿಂದ ಮುಚ್ಚಿ, ಅದರ ಮೇಲೆ ಬಗ್ಗಿ ಕುಳಿತಳು. ಹಾರ್ನು ಹೊಡೆಯುವವರೆಗೆ ಹಾಗೆಯೇ ಕುಳಿತಿದ್ದಳು. ಏಳುವಾಗ ಎಡೆಯನ್ನು ಎಲೆಯ ಸಮೇತ ಮಡಿಚಿ, ಒಂದು ಭಜಿಯೂ ಬೀಳದಂತೆ, ನದಿಗೆ ಬಿಟ್ಟಳು.

ಎಡೆ ಇಟ್ಟವಳೂ ಅವಳೇ, ಕಾಗೆಯನ್ನು ಹೊಡೆದವಳೂ ಅವಳೇ. ಪರವೂ ಅವಳೇ, ವಿರೋಧವೂ ಅವಳೇ. ಇಂಥ ಸ್ಪರ್ಧೆಗೆ ನಾನು ನಿರ್ಣಾಯಕಳಾಗಲಾರೆ.

ಮೊನ್ನೆ ಪಕ್ಷದ ಅಮಾವಾಸ್ಯೆ. ಆಯಿಗೆ ಎಲೆ ಹಾಕುವ ಮೊದಲ ವರ್ಷವೆಂದು ಅತ್ತಿ ಬೀದರಿನಿಂದ ಬಂದಿದ್ದಳು. ಬಂದವಳೇ ಗೋದಾವರಿಯ ಕಥೆ ಹೇಳಿದಳು. ನೀರು ಈಗ ಮೊಣಕಾಲಿಗೆ ಬಂದಿದೆ. ಹೇಳಿ ಮುಗಿಸಿ, ಅಪ್ಪನ ಕಡೆ ತಿರುಗಿದಳು.

"ಅಣ್ಣಾ, ಈ ವರ್ಷ ಅವನಿಗೂ ಒಂದ ಎಲಿ ಹಾಕಿ ಮುಗಸೂಣು. ಹನ್ನೆರಡ ವರ್ಷ ದಾಟಿ ಎಷ್ಟೋ ಆತು. ಅವ್ವ ಇರೂತನಕ ಬಾಯಿ ತೆಗೀಲಿಲ್ಲ. ಇನ್ನ ಯಾರ ಸಲುವಾಗಿ?"

ಅಪ್ಪ ಗೋಡೆ ನೋಡಿದ. ಮಗನಾಗಿ ಮಾತ್ರವಲ್ಲ, ಅಣ್ಣನಾಗಿಯೂ ಅವನು ಬಹಳ ದಿನದಿಂದ ದಣಿದಿದ್ದ. "ಆಕಿನ್ನ ಕೇಳಬೇಕಲ್ಲ" ಎಂದ.

"ಅತ್ತಿ, ಗಂಗವ್ವ ಆಕಿ ಮಾತ ಕೇಳಿ ಕಾಲ ತೊಳದ್ಲು ಅಂತಿ. ಈಗ ಎಲಿ ಹಾಕೂಣು ಅಂತಿ. ಎರಡರಾಗ ಯಾವುದ ಖರೆ?" ಎಂದೆ ನಾನು.

ಅತ್ತಿ ನನ್ನನ್ನು ಬೈಯಲಿಲ್ಲ. ಅದೇ ನನಗೆ ಆಶ್ಚರ್ಯ. ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದಳು: "ನನಗೂ ತಮ್ಮ ಅವನು. ಎಷ್ಟ ವರ್ಷ ಅಂತ ಅವನು ಹಸಕೊಂಡ ಇರಬೇಕು? ಸತ್ತಿದ್ರ ಒಂದ ತುತ್ತರ ಸಿಗಲಿ." ಆಮೇಲೆ ಮೆಲ್ಲಗೆ, "ನೀನ ಕೇಳು. ನಿನ್ನ ಮ್ಯಾಲೆ ಆಕಿಗೆ ಜೀವ ಐತಿ."

ಎಲೆ ಹಾಕಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಮಾರನೆಯ ದಿನ ಓಣಿಯವರಿಗೆ ಲೆಕ್ಕ ಬಗೆಹರಿಯುತ್ತದೆ. ಕುಂಕುಮದ ತಟ್ಟೆ ಇನ್ನು ಅವಳ ಮುಂದೆ ನಿಲ್ಲುವುದೂ ಇಲ್ಲ, ನೇರವಾಗಿ ದಾಟಿಹೋಗುತ್ತದೆ. ಹಾಕದಿದ್ದರೆ, ಎಲ್ಲಿಯೋ ಬಿದ್ದ ಒಬ್ಬನಿಗೆ ತುತ್ತಿಲ್ಲ.

ಅಡುಗೆಮನೆಯಲ್ಲಿ ಕಾಕು ಹೋಳಿಗೆ ತಟ್ಟುತ್ತಿದ್ದಳು. ಹಣೆಯ ಬೆವರಿಗೆ ಕುಂಕುಮ ಸ್ವಲ್ಪ ಇಳಿದಿತ್ತು. ತೊಳೆದ ಬಾಳೆಎಲೆಗಳನ್ನು ನಾನು ಒಂದೊಂದಾಗಿ ಒರೆಸಿ ಇಡುತ್ತಿದ್ದೆ: ಅಜ್ಜನದು, ಸೋದರಮಾವನದು, ಆಯಿಯದು. ಎರಡೂ ಪಕ್ಷಕ್ಕೆ ಬೇಕಾದ ವಾದಗಳೆಲ್ಲ ನನ್ನ ಬಳಿ ಸಿದ್ಧವಿದ್ದವು. ಒಂದನ್ನೂ ಹೇಳಲಿಲ್ಲ. ಅವಳು ಹೋಳಿಗೆ ಮಗುಚಿ ಹಾಕುವವರೆಗೆ ಕಾದು, ಉಳಿದ ಎಲೆಯನ್ನು ಕೈಯಲ್ಲಿ ಹಿಡಿದೇ ಕೇಳಿದೆ:

"ಕಾಕು, ಕಾಕಾಗೂ ಎಲಿ ಹಾಕಲೇನು?"